ಕಪಾಲದಾಚೆಯ ಪ್ರತಿಧ್ವನಿ

ಪ್ರಕೃತಿಯು ಮನುಷ್ಯನ ಮಿದುಳನ್ನು ಎಷ್ಟು ಭದ್ರವಾಗಿ ಕಾಪಾಡಿದೆಯೋ ಅಷ್ಟೇ ಭದ್ರವಾಗಿ ಅದನ್ನು ವೈದ್ಯನ ದೃಷ್ಟಿಯಿಂದ ಮರೆಮಾಡಿಯೂ ಇದೆ. ಯಕೃತ್ತು ಕೆಟ್ಟರೆ ಕಣ್ಣಿನ ಬಿಳಿ ಹಳದಿಗಟ್ಟುತ್ತದೆ, ಹೃದಯ ದುರ್ಬಲವಾದರೆ ನಾಡಿಯಲ್ಲಿ ಅದರ ಸುಳಿವು ದೊರೆಯುತ್ತದೆ. ಆದರೆ ಕೈ ನಡುಗುವವನ, ಹೆಜ್ಜೆ ತಡವರಿಸುವವನ, ಇಂಥದೆಂದು ಹೇಳಲಾಗದ ವಿಷಾದದಲ್ಲಿ ತಿಂಗಳುಗಟ್ಟಲೆ ಮುಳುಗಿದವನ ತಲೆಯೊಳಗೆ ಯಾವ ಭಾಗವು ಹೇಗೆ ವಿಕಾರಗೊಂಡಿದೆಯೆಂಬುದನ್ನು ಹೊರಗಿನ ಲಕ್ಷಣಗಳಿಂದ ಊಹಿಸುವುದು, ರೋಗಿಯು ಗತಿಸಿದ ಬಳಿಕ ಶವಪರೀಕ್ಷೆಯಲ್ಲಿ ಆ ಊಹೆ ಸರಿಯೋ ತಪ್ಪೋ ಎಂದು ನೋಡಿಕೊಳ್ಳುವುದು, ಇದಕ್ಕಿಂತ ಹೆಚ್ಚಿನದು ವೈದ್ಯಶಾಸ್ತ್ರಕ್ಕೆ ಬಹುಕಾಲ ಸಾಧ್ಯವಿರಲಿಲ್ಲ. ಕ್ಷ-ಕಿರಣವು ಬಂದ ಮೇಲೂ ಈ ಕಷ್ಟ ತೀರಲಿಲ್ಲ. ಆ ಕಿರಣಕ್ಕೆ ಮೂಳೆ ಚೆನ್ನಾಗಿ ಕಾಣುತ್ತದೆ, ಮೂಳೆಯೊಳಗಿನ ಮೆತ್ತನೆಯ ಮಿದುಳು ಕಾಣುವುದಿಲ್ಲ. ಕಿವಿಗೆ ಕೇಳಿಸದ ಧ್ವನಿಯನ್ನು ಕಪಾಲದೊಳಕ್ಕೆ ಕಳುಹಿಸಿ, ಅದು ಹಿಂದಿರುಗಿ ತಂದ ಸಮಾಚಾರದಿಂದ ಮಿದುಳಿನ ವ್ಯಾಧಿಗಳನ್ನೂ ಮನೋವ್ಯಾಧಿಗಳನ್ನೂ ಅರಿಯಲು ನಡೆದ ಪ್ರಯತ್ನವೇ ಈ ಅಧ್ಯಾಯದ ವಸ್ತು. ಈ ಪ್ರಯತ್ನದಲ್ಲಿ ತೊಡಗಿದವರನ್ನೆಲ್ಲ ಮೊದಲಿನಿಂದ ಇಂದಿನವರೆಗೆ ಕಾಡಿರುವ ಪ್ರಶ್ನೆ ಒಂದೇ: ಮರಳಿ ಬಂದ ಸದ್ದಿನಲ್ಲಿ ಮೂಳೆಯು ನುಡಿದದ್ದೆಷ್ಟು, ಮಿದುಳು ನುಡಿದದ್ದೆಷ್ಟು?

ಹಲಸಿನ ಹಣ್ಣನ್ನು ಬೆರಳಿನಿಂದ ತಟ್ಟಿ, ಹೊಮ್ಮಿದ ಸದ್ದಿನಿಂದಲೇ ಒಳಗಣ ತೊಳೆ ಬಲಿತಿದೆಯೋ ಇಲ್ಲವೋ ಎಂದು ಹೇಳುವ ರೈತನ ಜಾಣ್ಮೆಯಲ್ಲಿ ಈ ವಿದ್ಯೆಯ ಮೂಲತತ್ತ್ವವಿದೆ. ನಮ್ಮ ಕಿವಿಯು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಧ್ವನಿಯನ್ನು ಕೇಳಬಲ್ಲುದು. ಅದಕ್ಕೆ ಮೇಲ್ಪಟ್ಟುದೆಲ್ಲವೂ ಶ್ರವಣಾತೀತ ಧ್ವನಿ, ಎಂದರೆ ಎಲ್ಲರೂ ಬಲ್ಲ ಅಲ್ಟ್ರಾಸೌಂಡ್. ಕೆಲವು ಸ್ಫಟಿಕಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಯೆಂದು ಪ್ಯಾರಿಸಿನ ಜಾಕ್ ಮತ್ತು ಪಿಯರ್ ಕ್ಯೂರಿ ಸೋದರರು 1880ರಲ್ಲಿ ಕಂಡುಹಿಡಿದರು. ವಿದ್ಯುತ್ತನ್ನು ಹಾಯಿಸಿದರೆ ಅದೇ ಸ್ಫಟಿಕವು ಅದಿರತೊಡಗುತ್ತದೆಂಬುದೂ ಮರುವರ್ಷವೇ ಸಿದ್ಧವಾಯಿತು. ಹೀಗೆ ಒಂದೇ ವಸ್ತುವು ಬಾಯಿಯೂ ಆಗಿ ಕಿವಿಯೂ ಆಗಿ ಕೆಲಸಮಾಡಲು ಸಾಧ್ಯವಾದುದರಿಂದಲೇ ಇಂದಿನ ಸ್ಕ್ಯಾನ್ ಯಂತ್ರದ ಶೋಧಕವು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. ಮೃದುವಾದ ಅಂಗಾಂಶದಲ್ಲಿ ಧ್ವನಿಯು ಸೆಕೆಂಡಿಗೆ ಸುಮಾರು 1540 ಮೀಟರ್ ವೇಗದಲ್ಲಿ ಚಲಿಸುತ್ತದೆ; ಕಣತಲೆಯಿಂದ 7 ಸೆಂಟಿಮೀಟರ್ ಆಳದಲ್ಲಿರುವ ಮಧ್ಯಮಿದುಳನ್ನು ಮುಟ್ಟಿ ಮರಳುವುದಕ್ಕೆ ಅದಕ್ಕೆ ಸೆಕೆಂಡಿನ ಹತ್ತುಸಾವಿರದಲ್ಲಿ ಒಂದು ಭಾಗವೂ ಬೇಡ. ಆದರೆ ದಾರಿಯಲ್ಲಿ ಕಪಾಲವಿದೆಯಷ್ಟೆ. ಕಪಾಲವೆಂಬುದು ಒಂದೇ ಹಲಗೆಯಲ್ಲ; ಹೊರಗೊಂದು ಒಳಗೊಂದು ಗಟ್ಟಿ ಪದರ, ಎರಡರ ನಡುವೆ ಜೇನುಹುಟ್ಟಿನಂತೆ ರಂಧ್ರಮಯವಾದ ಮೂಳೆ. ಧ್ವನಿಯು ಅಲ್ಲಿ ಹೆಚ್ಚುಕಡಮೆ ಇಮ್ಮಡಿ ವೇಗವನ್ನು ತಾಳಿ, ಬಾಗಿ, ಚದರಿ, ಬಹುಪಾಲು ಅಲ್ಲಿಯೇ ಇಂಗಿಹೋಗುತ್ತದೆ.

ಈ ಅಡಚಣೆಯನ್ನು ಮೊದಲು ಎದುರಿಸಿದವನು ಆಸ್ಟ್ರಿಯಾ ದೇಶದ ನರರೋಗತಜ್ಞ ಕಾರ್ಲ್ ಡುಸಿಕ್. ಮಿದುಳಿನ ಕುಹರಗಳಲ್ಲಿ ತುಂಬಿರುವ ದ್ರವವು ಸುತ್ತಲಿನ ಅಂಗಾಂಶಕ್ಕಿಂತ ಕಡಮೆ ಧ್ವನಿಯನ್ನು ಹೀರುವುದರಿಂದ, ತಲೆಯ ಒಂದು ಪಕ್ಕದಿಂದ ಧ್ವನಿಯನ್ನು ಹಾಯಿಸಿ ಇನ್ನೊಂದು ಪಕ್ಕದಲ್ಲಿ ಹಿಡಿದರೆ ಕುಹರಗಳ ಆಕಾರವು ಬೆಳಕು-ನೆರಳಿನಲ್ಲಿ ಮೂಡಬೇಕು, ಗಡ್ಡೆಯೇನಾದರೂ ಅವುಗಳನ್ನು ಒತ್ತಿದ್ದರೆ ಅದೂ ಗೋಚರವಾಗಬೇಕು ಎಂಬುದು ಆತನ ತರ್ಕ. 1942ರಲ್ಲಿ ಈ ವಿಚಾರವನ್ನು ಪ್ರಕಟಿಸಿ, ಯುದ್ಧಾನಂತರ ಭೌತವಿಜ್ಞಾನಿಯಾದ ತನ್ನ ಸೋದರನೊಡಗೂಡಿ ಚಿತ್ರಗಳನ್ನೂ ತೆಗೆದನು. ಚಿತ್ರಗಳಲ್ಲಿ ಕುಹರಗಳಂಥ ಆಕೃತಿಗಳು ನಿಜವಾಗಿಯೂ ಕಂಡವು. ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ವಿದ್ಯಾಲಯದವರೂ ಉತ್ಸಾಹದಿಂದ ಆ ಜಾಡನ್ನೇ ಹಿಡಿದರು. ಆದರೆ 1952ರಲ್ಲಿ ಜರ್ಮನಿಯ ಗ್ಯೂಟ್ನರ್ ಮತ್ತು ಸಂಗಡಿಗರು ಮಿದುಳೇ ಇಲ್ಲದ ತಲೆಬುರುಡೆಯನ್ನು ನೀರಿನಲ್ಲಿಟ್ಟು ಇದೇ ಪ್ರಯೋಗವನ್ನು ನಡೆಸಿದಾಗ ಅದೇ ಬಗೆಯ ‘ಕುಹರಗಳು’ ಅಲ್ಲಿಯೂ ಪ್ರತ್ಯಕ್ಷವಾದವು. ಮಿದುಳಿನ ಚಿತ್ರವೆಂದು ಭಾವಿಸಿದ್ದುದು ಮೂಳೆಯ ದಪ್ಪ-ತೆಳುವಿನ ಚಿತ್ರವಾಗಿತ್ತು. ಡುಸಿಕ್ಕನ ಕೆಲಸವನ್ನು ನಿಷ್ಫಲವೆಂದು ತಳ್ಳಿಹಾಕುವುದು ಸುಲಭ. ನನಗೆ ಅದು ನ್ಯಾಯವೆಂದು ತೋರುವುದಿಲ್ಲ. ಧ್ವನಿಯಿಂದ ಜೀವಂತ ಮನುಷ್ಯನ ಮಿದುಳನ್ನು ನೋಡಬಹುದೆಂಬ ಕಲ್ಪನೆಯೇ ಇಲ್ಲದಿದ್ದ ಕಾಲದಲ್ಲಿ ಅದನ್ನು ಮಾಡಿನೋಡಿದವನು ಆತನೇ. ಆ ಖಾಲಿ ಬುರುಡೆಯ ಪ್ರಯೋಗವಾದರೋ ಈ ಕ್ಷೇತ್ರಕ್ಕೆ ಸಿಕ್ಕ ಅತ್ಯಮೂಲ್ಯ ಪಾಠ.

ಮುಂದಿನ ಮಾರ್ಗ ಸ್ವೀಡನ್ನಿನ ಲುಂಡ್ ನಗರದಲ್ಲಿ ತೆರೆಯಿತು. ಅಲ್ಲಿನ ಶಸ್ತ್ರವೈದ್ಯ ಲಾರ್ಸ್ ಲೆಕ್ಸೆಲ್, ಧ್ವನಿಯನ್ನು ಆರಪಾರು ಹಾಯಿಸುವ ಹಂಬಲವನ್ನು ಬಿಟ್ಟು, ಎರಕದ ಲೋಹದಲ್ಲಿ ಬಿರುಕನ್ನು ಹುಡುಕುವ ಉಪಕರಣದಂತೆ, ಪ್ರತಿಧ್ವನಿಯನ್ನಷ್ಟೇ ಆಲಿಸಿದನು. ಮಿದುಳಿನ ಎರಡು ಅರ್ಧಗೋಳಗಳ ನಡುವಣ ರೇಖೆಯಿಂದ ಒಂದು ಸ್ಪಷ್ಟವಾದ ಪ್ರತಿಧ್ವನಿ ಬರುತ್ತದೆ. ತಲೆಗೆ ಪೆಟ್ಟುಬಿದ್ದು ಒಂದು ಪಕ್ಕದಲ್ಲಿ ರಕ್ತ ಹೆಪ್ಪುಗಟ್ಟಿದರೆ ಆ ರೇಖೆಯು ಇನ್ನೊಂದು ಪಕ್ಕಕ್ಕೆ ಸರಿಯುತ್ತದೆ. ಕೇಳುವುದು ಒಂದೇ ಸಂಗತಿಯನ್ನು, ಆದರೆ ಅದರಿಂದ ಜೀವ ಉಳಿಯುತ್ತದೆ. 1971ರಲ್ಲಿ ಲಂಡನ್ನಿನಲ್ಲಿ ಸಿ.ಟಿ. ಯಂತ್ರವು ಮೊದಲ ರೋಗಿಯ ಮಿದುಳನ್ನು ತೋರಿಸುವವರೆಗೆ ಈ ಪರೀಕ್ಷೆಯು ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು; ಆಮೇಲೆ ಮೂಲೆಗೆ ಸರಿಯಿತು. ನೆತ್ತಿ ಇನ್ನೂ ಕೂಡದ ಹಸುಗೂಸಿನ ಮಾತು ಬೇರೆ. ಬಾಣಂತಿಯ ಕೋಣೆಯಲ್ಲಿ ಅಜ್ಜಿಯರು ಹರಳೆಣ್ಣೆ ಒತ್ತುವ ಆ ಮೆತ್ತನೆಯ ಜಾಗದಲ್ಲಿ ಮೂಳೆಯೇ ಇಲ್ಲದಿರುವುದರಿಂದ, ಅವಧಿಗೆ ಮೊದಲೇ ಹುಟ್ಟಿದ ಶಿಶುಗಳ ಮಿದುಳಿನಲ್ಲಿ ರಕ್ತಸ್ರಾವವಾಗಿದೆಯೇ ಎಂದು 1970ರ ದಶಕದ ಕೊನೆಯಿಂದಲೂ ಅಲ್ಲಿಂದಲೇ ನೋಡುತ್ತ ಬಂದಿದ್ದಾರೆ.

ದೊಡ್ಡವರ ತಲೆಯಲ್ಲಿಯೂ ತೆಳುವಾದ ಕಿಟಕಿಯೊಂದಿದೆಯೆಂಬುದನ್ನು ಸಾರ್ಥಕವಾಗಿ ಬಳಸಿದವನು ನಾರ್ವೆ ದೇಶದ ರೂನೆ ಆಸ್ಲಿಡ್. ಕಣ್ಣಿಗೂ ಕಿವಿಗೂ ನಡುವೆ, ಕೆನ್ನೆಯೆಲುಬಿನ ಕಮಾನಿಗೆ ಮೇಲ್ಗಡೆ, ಕಣತಲೆಯ ಮೂಳೆ ಉಳಿದೆಡೆಗಿಂತ ತೆಳು. ಸ್ವಿಟ್ಜರ್‌ಲೆಂಡಿನ ಬೆರ್ನ್ ನಗರದಲ್ಲಿ ಕೆಲಸಮಾಡುತ್ತಿದ್ದ ಆತನು 1982ರಲ್ಲಿ, ಸೆಕೆಂಡಿಗೆ 20 ಲಕ್ಷ ಕಂಪನಗಳ, ಸ್ಕ್ಯಾನ್ ಯಂತ್ರಗಳ ಮಟ್ಟಿಗೆ ಸಾಕಷ್ಟು ತಗ್ಗಿನ ಧ್ವನಿಯನ್ನು ಅಲ್ಲಿಂದ ಒಳಗೆ ಕಳುಹಿಸಿ, ಹರಿಯುವ ರಕ್ತಕಣಗಳಿಗೆ ತಾಕಿ ಬಂದಾಗ ಅದರ ಕಂಪನಸಂಖ್ಯೆಯಲ್ಲಾಗುವ ವ್ಯತ್ಯಾಸದಿಂದ ಮಿದುಳಿನ ಧಮನಿಗಳಲ್ಲಿ ರಕ್ತದ ವೇಗವನ್ನು ಅಳೆದನು. ಆರೋಗ್ಯವಂತ ವಯಸ್ಕನ ಮಧ್ಯಧಮನಿಯಲ್ಲಿ ಆ ವೇಗ ಸೆಕೆಂಡಿಗೆ ಸರಾಸರಿ 60 ಸೆಂಟಿಮೀಟರಿನ ಆಸುಪಾಸು. ಧಮನಿಯು ಇಕ್ಕಟ್ಟಾದಷ್ಟೂ ಅದು ಏರುತ್ತದೆ. ಕುಡಗೋಲು ಕಣದ ರಕ್ತಹೀನತೆಯುಳ್ಳ ಮಕ್ಕಳಲ್ಲಿ ಈ ಅಳತೆಯನ್ನು ಅಮೆರಿಕದ ರಾಬರ್ಟ್ ಆಡಮ್ಸ್ ಮತ್ತು ಸಹೋದ್ಯೋಗಿಗಳು ಪ್ರಯೋಗಿಸಿದ ಬಗೆಯು ಈ ವಿದ್ಯೆಯ ಅತ್ಯುಜ್ಜ್ವಲ ಅಧ್ಯಾಯಗಳಲ್ಲೊಂದು. ವೇಗವು ಸೆಕೆಂಡಿಗೆ 200 ಸೆಂಟಿಮೀಟರನ್ನು ಮುಟ್ಟಿದ, ಆದರೆ ಇನ್ನೂ ಪಾರ್ಶ್ವವಾಯು ಬಡಿಯದ 130 ಮಕ್ಕಳನ್ನು ಆರಿಸಿ, 63 ಮಂದಿಗೆ ನಿಯತವಾಗಿ ರಕ್ತವನ್ನು ಕೊಡುತ್ತ, ಉಳಿದ 67 ಮಂದಿಗೆ ವಾಡಿಕೆಯ ಆರೈಕೆಯನ್ನು ಮಾಡುತ್ತ ಬಂದರು. ಎರಡನೆಯ ಗುಂಪಿನಲ್ಲಿ 11 ಮಕ್ಕಳಿಗೆ ಪಾರ್ಶ್ವವಾಯು ತಗುಲಿತು, ಮೊದಲನೆಯದರಲ್ಲಿ ಒಂದೇ ಒಂದು ಮಗುವಿಗೆ. ಹೀಗಿರಲಾಗಿ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿ ಎಲ್ಲರಿಗೂ ಚಿಕಿತ್ಸೆಯನ್ನು ಒದಗಿಸಬೇಕಾಯಿತು. 1998ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಓದುವಾಗ, ಇದೇ ರಕ್ತದೋಷವು ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಹಾಡಿಗಳಲ್ಲಿಯೂ ಇದೆಯೆಂಬುದು ನೆನಪಿಗೆ ಬಾರದಿರದು.

ಇಷ್ಟರವರೆಗೆ ಧ್ವನಿಯು ತಿಳಿಸಿದ್ದು ರಕ್ತದ ವಿಷಯವನ್ನು ಮತ್ತು ಮಿದುಳಿನ ಸ್ಥಾನಪಲ್ಲಟವನ್ನು ಮಾತ್ರ. ಮಿದುಳಿನ ದ್ರವ್ಯವೇ ಕಾಯಿಲೆಯಿಂದ ಬದಲಾದರೆ ಅದು ಪ್ರತಿಧ್ವನಿಯಲ್ಲಿ ಕಾಣಬಹುದೆಂದು ಹೆಚ್ಚಿನವರು ನಂಬಿರಲಿಲ್ಲ. 1995ರಲ್ಲಿ ಜರ್ಮನಿಯ ವ್ಯೂರ್ಟ್ಸ್‌ಬುರ್ಗಿನ ಗೇಯೋರ್ಗ್ ಬೆಕರ್ ಮತ್ತು ಜೊತೆಗಾರರು ಪಾರ್ಕಿನ್ಸನ್ ರೋಗಿಗಳ ಮಧ್ಯಮಿದುಳಿನಲ್ಲಿ ಅಸಾಧಾರಣವಾದ ಹೊಳಪೊಂದನ್ನು ಕಂಡೆವೆಂದು ಬರೆದಾಗ ಅದನ್ನು ಸಂಶಯದಿಂದಲೇ ಬರಮಾಡಿಕೊಂಡುದರಲ್ಲಿ ಆಶ್ಚರ್ಯವಿಲ್ಲ, ಸಿ.ಟಿ.ಯಾಗಲಿ ಆಗಿನ ಎಂ.ಆರ್.ಐ. ಆಗಲಿ ಅಂಥ ರೋಗಿಗಳಲ್ಲಿ ಹೇಳಿಕೊಳ್ಳುವಂಥದೇನನ್ನೂ ತೋರಿಸುತ್ತಿರಲಿಲ್ಲ.

ಆ ಪರೀಕ್ಷೆಯು ನಡೆಯುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಕೋಣೆಯಲ್ಲಿ ಬೆಳಕು ಮಂದವಾಗಿರುತ್ತದೆ. ರೋಗಿಯು ಅಂಗಾತ ಮಲಗಿದ್ದಾನೆ. ವೈದ್ಯರು ಅವನ ತಲೆಯ ಬಳಿ ಕುಳಿತು ಕಣತಲೆಗೆ ತಣ್ಣನೆಯ ಜೆಲ್ ಸವರಿ, ಹೃದಯವನ್ನು ನೋಡಲು ಬಳಸುವಂಥ ಶೋಧಕವನ್ನು ಅಲ್ಲಿ ಊರಿ, ಕೂದಲೆಳೆಯಷ್ಟು ಅತ್ತ ಇತ್ತ ವಾಲಿಸುತ್ತ ಕಿಟಕಿಯನ್ನು ಹುಡುಕುತ್ತಾರೆ. ಪರದೆಯ ಮೇಲೆ ಮೊದಲು ಬೂದುಬಣ್ಣದ ಗೊಂದಲ. ಬಳಿಕ ಅದರ ನಡುವೆ, ಬೆಳ್ಳನೆಯ ಅಂಚಿನೊಳಗೆ ರೆಕ್ಕೆ ಬಿಚ್ಚಿದ ಚಿಟ್ಟೆಯ ಆಕಾರದ ಒಂದು ಕಪ್ಪು ಪ್ರದೇಶವು ನಿಧಾನವಾಗಿ ತಿಳಿಯಾಗುತ್ತದೆ. ಅದೇ ಮಧ್ಯಮಿದುಳು. ಚಿಟ್ಟೆಯ ಒಂದೊಂದು ರೆಕ್ಕೆಯಲ್ಲಿಯೂ ‘ಸಬ್‌ಸ್ಟಾನ್ಷಿಯಾ ನೈಗ್ರ’ ಎಂಬ ಕರಿಯ ದ್ರವ್ಯದ ಪಟ್ಟಿಯಿದೆ. ಡೋಪಮೈನ್ ಎಂಬ ರಾಸಾಯನಿಕವನ್ನು ಉತ್ಪಾದಿಸಿ ನಮ್ಮ ಚಲನೆಗೆ ಸರಾಗವನ್ನು ಕೊಡುವ ನರಕೋಶಗಳು ಅಲ್ಲಿ ವಾಸಿಸುತ್ತವೆ, ಅವು ನಶಿಸುವುದೇ ಪಾರ್ಕಿನ್ಸನ್ ರೋಗ, ನಮ್ಮ ಹಿರಿಯರು ಕಂಪವಾತವೆಂದ ವ್ಯಾಧಿ. ಆರೋಗ್ಯವಂತರಲ್ಲಿ ಈ ಪಟ್ಟಿಯು ಸುತ್ತಲಿನ ಕಪ್ಪಿನಿಂದ ಅಷ್ಟೇನೂ ಬೇರೆಯಾಗಿ ಕಾಣುವುದಿಲ್ಲ. ರೋಗಿಗಳಲ್ಲಿ ಅದು ಬೆಳ್ಳಗೆ ಹೊಳೆಯುತ್ತದೆ. ವೈದ್ಯರು ಚಿತ್ರವನ್ನು ನಿಲ್ಲಿಸಿ, ಹಿಗ್ಗಿಸಿ, ಆ ಹೊಳಪಿನ ಅಂಚನ್ನು ಸುತ್ತುಗಟ್ಟಿ ಅಳೆಯುತ್ತಾರೆ. ಯಂತ್ರದಿಂದ ಯಂತ್ರಕ್ಕೆ ಸ್ವಲ್ಪ ವ್ಯತ್ಯಾಸವಿದ್ದರೂ, ವಿಸ್ತೀರ್ಣವು ಸುಮಾರು 0.20 ಚದರ ಸೆಂಟಿಮೀಟರನ್ನು ದಾಟಿತೆಂದರೆ ಅದನ್ನು ಅಸಹಜವೆಂದು ಗಣಿಸುವುದು ವಾಡಿಕೆ. ಹೆಚ್ಚುಕಡಮೆ ಒಂದು ಉದ್ದಿನಕಾಳಿನಷ್ಟು ಜಾಗದ ಲೆಕ್ಕ ಇದು. ಕೆಲವರಲ್ಲಿ, ಅದರಲ್ಲಿಯೂ ವಯಸ್ಸಾದ ಹೆಂಗಸರಲ್ಲಿ, ಕಣತಲೆಯ ಮೂಳೆಯು ದಪ್ಪನಾಗಿದ್ದು ಏನೂ ಕಾಣದೆ ಹೋಗುವುದೂ ಉಂಟು.

ಬೆಕರನ ಶಿಷ್ಯವರ್ಗದ ದನೀಲಾ ಬೆರ್ಗ್ ಮೊದಲಾದವರು ಈ ಶೋಧವನ್ನು ಮುಂದುವರಿಸಿದರು. ಬೇರೆ ಊರಿನ ಬೇರೆ ತಂಡಗಳೂ ಅದನ್ನೇ ಕಂಡ ಬಳಿಕ ಸಂಶಯ ಕರಗಿತು. ಪಾರ್ಕಿನ್ಸನ್ ರೋಗಿಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಯಲ್ಲಿ ಈ ಹೊಳಪಿದೆ. ಕೈ ನಡುಗುತ್ತದೆಂದು ಬರುವವರಲ್ಲೆಲ್ಲ ಇದೇ ರೋಗವಿರುವುದಿಲ್ಲವಷ್ಟೆ. ವಂಶದಲ್ಲಿ ಹರಿದುಬರುವ ಸಾಮಾನ್ಯ ನಡುಕದಲ್ಲಿ ಹೊಳಪು ಬಹುಮಟ್ಟಿಗೆ ಇರುವುದಿಲ್ಲವಾದುದರಿಂದ, ಆರಂಭದಲ್ಲಿ ಅವೆರಡನ್ನು ಬೇರ್ಪಡಿಸಲು ಈ ಅಗ್ಗದ ಪರೀಕ್ಷೆ ನೆರವಾಗುತ್ತದೆ. ಇಲಿಯ ಮಿದುಳಿಗೆ ಕಬ್ಬಿಣದ ಲವಣವನ್ನು ಸೇರಿಸಿದರೆ ಅಲ್ಲಿ ಹೊಳಪು ಮೂಡುತ್ತದೆ. ಮೃತರ ಮಿದುಳುಗಳನ್ನು ಮೊದಲು ಧ್ವನಿಯಿಂದ ನೋಡಿ ಆಮೇಲೆ ರಾಸಾಯನಿಕವಾಗಿ ವಿಶ್ಲೇಷಿಸಿದಾಗಲೂ, ಹೊಳಪು ಹೆಚ್ಚಿದ್ದಲ್ಲಿ ಕಬ್ಬಿಣ ಹೆಚ್ಚು, ನರಕೋಶಗಳಿಗೆ ಕರಿಯ ಬಣ್ಣವನ್ನು ಕೊಡುವ ನ್ಯೂರೋಮೆಲನಿನ್ ಕಡಮೆ ಎಂದು ಕಂಡುಬಂದಿತು. ಎಂದರೆ ಇಲ್ಲಿ ನುಡಿಯುತ್ತಿರುವುದು ಮೂಳೆಯಲ್ಲ, ಮಿದುಳೇ.

ಆದರೆ ಈ ಹೊಳಪಿನ ನಡವಳಿಕೆಯಲ್ಲೊಂದು ವಿಚಿತ್ರವಿದೆ. ರೋಗವು ವರ್ಷದಿಂದ ವರ್ಷಕ್ಕೆ ಉಲ್ಬಣಿಸಿ ರೋಗಿಯು ಹಾಸಿಗೆ ಹಿಡಿದರೂ ಹೊಳಪು ಅದಕ್ಕೆ ತಕ್ಕಂತೆ ಬೆಳೆಯುವುದಿಲ್ಲ. ಅಷ್ಟೇ ಅಲ್ಲದೆ, ಯಾವ ಕಾಯಿಲೆಯೂ ಇಲ್ಲದ ಹತ್ತು ಮಂದಿಯಲ್ಲಿ ಹೆಚ್ಚುಕಡಮೆ ಒಬ್ಬರಲ್ಲಿ ಅದು ಇದ್ದೇ ಇದೆ. ಆದುದರಿಂದ ಅದು ರೋಗವು ಉಳಿಸಿದ ಗಾಯದ ಗುರುತಾಗಿರದೆ, ರೋಗಕ್ಕೆ ಬಹು ಮುಂಚಿನಿಂದಲೂ ಇರುವ ಒಂದು ಒಲವಿನ ಗುರುತಾಗಿರಬೇಕೆಂದು ಊಹಿಸಿದರು. ಇದನ್ನು ಪರೀಕ್ಷಿಸುವುದಕ್ಕೆ ತಾಳ್ಮೆಯೊಂದೇ ದಾರಿ. ಜರ್ಮನಿಯ ಟ್ಯೂಬಿಂಗನ್, ಹೊಂಬುರ್ಗ್ ಮತ್ತು ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರಗಳಲ್ಲಿ ಐವತ್ತು ದಾಟಿದ, ಕಂಪವಾತವಿಲ್ಲದ 1800ಕ್ಕೂ ಮಿಕ್ಕ ಜನರನ್ನು ಸೇರಿಸಿಕೊಂಡು, ಮೊದಲು ಅವರ ಮಧ್ಯಮಿದುಳನ್ನು ನೋಡಿ, ಆಮೇಲೆ ಮೂರು ವರ್ಷ ಕಾದರು. 2011ರಲ್ಲಿ ಬಂದ ವರದಿಯ ಮೇರೆಗೆ, ಹೊಳಪಿದ್ದವರಿಗೆ ಪಾರ್ಕಿನ್ಸನ್ ತಗಲುವ ಸಂಭವವು ಇಲ್ಲದವರಿಗಿಂತ ಸುಮಾರು 17 ಪಟ್ಟು ಅಧಿಕ.

ಹದಿನೇಳು ಪಟ್ಟು ಎಂದೊಡನೆ ಓದುಗನ ಎದೆ ನಡುಗುವುದು ಸಹಜ. ಆದರೆ ಇಲ್ಲಿಯೇ ನಿಂತು ಲೆಕ್ಕವನ್ನು ಸರಿಯಾಗಿ ಹಾಕಬೇಕು. ಆ ಅವಧಿಯಲ್ಲಿ ಒಟ್ಟು ರೋಗಿಗಳಾದವರು 11 ಮಂದಿ ಮಾತ್ರ. ಅತ್ಯಲ್ಪವಾದ ಸಂಖ್ಯೆಯು ಹದಿನೇಳು ಪಟ್ಟಾದರೂ ಅದು ಅಲ್ಪವೇ. ಹೊಳಪಿರುವವರಲ್ಲಿ ಬಹುಮಂದಿ ಜೀವಮಾನದಲ್ಲಿ ಎಂದೂ ನಡುಗದೆ ತಮ್ಮ ಆಯುಷ್ಯವನ್ನು ಮುಗಿಸುತ್ತಾರೆ. ಹಾಗಿರುವಾಗ, ತಲೆನೋವಿಗೆಂದು ಬಂದವನಲ್ಲಿ ಅಕಸ್ಮಾತ್ತಾಗಿ ಈ ಗುರುತು ಕಂಡರೆ ವೈದ್ಯನು ಹೇಳಬೇಕೇ, ಬೇಡವೇ? ನರಕೋಶಗಳ ನಾಶವನ್ನು ತಡೆಯುವ ಔಷಧವು ಕೈಯಲ್ಲಿದ್ದಿದ್ದರೆ ಹೇಳುವುದು ಕರ್ತವ್ಯವಾಗುತ್ತಿತ್ತು. ಅಂಥ ಔಷಧ ಇನ್ನೂ ಸಿದ್ಧವಾಗಿಲ್ಲ. ಬರಲಿದೆಯೋ ಇಲ್ಲವೋ ತಿಳಿಯದ ಕಾಯಿಲೆಯ ಹೆದರಿಕೆಯನ್ನು ಒಬ್ಬ ಮನುಷ್ಯನ ಮನೆಯೊಳಕ್ಕೆ ಕಳುಹಿಸುವುದು, ಅದೂ ಅವನು ಕೇಳದಿದ್ದಾಗ, ನನ್ನ ಮಟ್ಟಿಗೆ ಸರಿಯಲ್ಲ. ಸಂಶೋಧನೆಗೆ ಮಾತ್ರ ಈ ಗುರುತಿನ ಬೆಲೆ ಅಪಾರ. ನಡುಕವು ಕಾಣಿಸುವ ಹೊತ್ತಿಗೆ ಆ ನರಕೋಶಗಳಲ್ಲಿ ಸುಮಾರು ಅರ್ಧದಷ್ಟು ಹೋಗಿರುತ್ತವೆ. ಔಷಧವೊಂದು ಸಿದ್ಧವಾದಂದು, ಆ ನರಕೋಶಗಳು ಇನ್ನೂ ನಶಿಸದಿರುವವರನ್ನು ಹುಡುಕಿ ತೆಗೆಯುವ ಉಪಾಯವೂ ಕೈಯಲ್ಲಿರಬೇಕಲ್ಲವೆ?

ಅದೇ ಚಿಟ್ಟೆಯ ನಟ್ಟನಡುವೆ, ಎರಡು ರೆಕ್ಕೆಗಳು ಕೂಡುವಲ್ಲಿ, ಆರೋಗ್ಯವಂತರಲ್ಲಿ ಒಂದು ಬೆಳ್ಳನೆಯ ಗೆರೆಯು ಕಾಣುತ್ತದೆ. ಸೆರೊಟೋನಿನ್ ಎಂಬ ರಾಸಾಯನಿಕವನ್ನು ಮಿದುಳಿಗೆಲ್ಲ ಹಂಚುವ ರಾಫೆ ಎಂಬ ನರಕೋಶಸಮೂಹಗಳೂ ಅವುಗಳ ತಂತುಗಳೂ ಇರುವ ಸ್ಥಾನ ಅದು. ಖಿನ್ನತೆಗೆ ಕೊಡುವ ಮದ್ದುಗಳಲ್ಲಿ ಹಲವು ಈ ಸೆರೊಟೋನಿನ್ನಿನ ವ್ಯವಸ್ಥೆಯ ಮೇಲೆಯೇ ಕೆಲಸಮಾಡುತ್ತವೆ. ಪಾರ್ಕಿನ್ಸನ್ನಿನ ಹೊಳಪಿನ ವರದಿಯ ಆಸುಪಾಸಿನಲ್ಲಿಯೇ, 1994 ಮತ್ತು 1995ರಲ್ಲಿ, ಬೆಕರನ ತಂಡವು ಇನ್ನೊಂದನ್ನು ಗಮನಿಸಿತ್ತು. ತೀವ್ರ ಖಿನ್ನತೆಯಿಂದ ಬಳಲುವವರಲ್ಲಿ ಅನೇಕರಿಗೆ ಈ ಗೆರೆಯು ಕಡಿದುಹೋದಂತೆ ಇಲ್ಲವೇ ಅಳಿಸಿಹೋದಂತೆ ಕಾಣುತ್ತಿತ್ತು. ಉನ್ಮಾದ-ಖಿನ್ನತೆಗಳು ಸರದಿಯಲ್ಲಿ ಬರುವ ಕಾಯಿಲೆಯವರಲ್ಲಾಗಲಿ ಸ್ಕಿಜೋಫ್ರೇನಿಯ ರೋಗಿಗಳಲ್ಲಾಗಲಿ ಹಾಗೆ ಕಾಣುತ್ತಿರಲಿಲ್ಲ. ಪಾರ್ಕಿನ್ಸನ್ನಿನೊಡನೆ ಖಿನ್ನತೆಯೂ ಕೂಡಿಕೊಂಡವರಲ್ಲಿಯೂ ಗೆರೆ ಮಸುಕಾಗಿರುವುದನ್ನು ಮುಂದೆ ಕಂಡರು; ಕೈ ನಡುಗುವುದಕ್ಕೆ ವರ್ಷಗಳ ಮೊದಲೇ ಕೆಲವರನ್ನು ವಿಷಾದವು ಆವರಿಸುವುದೇಕೆಂಬುದಕ್ಕೆ ಇದು ಒಂದು ಎಳೆಯನ್ನು ಒದಗಿಸುತ್ತದೆ.

ಮನೋವ್ಯಾಧಿಗೆ ಕಣ್ಣಿಗೆ ಕಾಣುವ ಗುರುತು ದೊರೆಯಿತೆಂಬ ಸಂತೋಷವು ದೊಡ್ಡದು. ಖಿನ್ನನಾದವನನ್ನು ಸೋಮಾರಿಯೆಂದೂ ಮನಸ್ಸು ಗಟ್ಟಿಯಿಲ್ಲದವನೆಂದೂ ಮನೆಯವರೇ ಜರೆಯುವ ಲೋಕದಲ್ಲಿ ಅಂಥ ಗುರುತಿನ ಆಸೆ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಆಸೆಯು ಪ್ರಮಾಣವಾಗದು. ಹೊಳಪನ್ನಾದರೆ ಸುತ್ತುಗಟ್ಟಿ ಅಳೆಯಬಹುದು. ಗೆರೆಯು ಕಡಿದಿದೆಯೇ ಇಡಿಯಾಗಿದೆಯೇ ಎಂಬುದು ನೋಡುವವನ ಕಣ್ಣನ್ನೂ ಶೋಧಕವನ್ನು ಹಿಡಿದ ಕೋನವನ್ನೂ ಬಹಳವಾಗಿ ಅವಲಂಬಿಸಿದೆ. ಮಂಕಾದ ಗೆರೆಯುಳ್ಳ ಆರೋಗ್ಯವಂತರಿದ್ದಾರೆ. ನಿಚ್ಚಳವಾದ ಗೆರೆಯಿದ್ದೂ ಖಿನ್ನತೆಯಿಂದ ನರಳುವವರಿದ್ದಾರೆ. ಬೇರೆ ಬೇರೆ ತಂಡಗಳಿಗೆ ದೊರೆತ ಪ್ರಮಾಣಗಳೂ ಒಂದೇ ಆಗಿಲ್ಲ. ಖಿನ್ನತೆಯೆಂದು ನಾವು ಒಟ್ಟಾಗಿ ಕರೆಯುವುದು ಬಹುಶಃ ಒಂದೇ ವ್ಯಾಧಿಯಲ್ಲವಾದುದರಿಂದ, ಆ ಗೆರೆಯು ಅವುಗಳಲ್ಲೊಂದು ಬಗೆಯನ್ನು ಮಾತ್ರ ಸೂಚಿಸುತ್ತಿರಬಹುದು. ರೋಗಿಯ ಬಳಿ ಕುಳಿತು ಅವನ ನಿದ್ದೆ, ಹಸಿವು, ಆಲೋಚನೆಗಳನ್ನು ವಿಚಾರಿಸುವ ಮನೋವೈದ್ಯನ ಕೆಲಸವನ್ನು ಈ ಯಂತ್ರವು ಇನ್ನೂ ವಹಿಸಿಕೊಂಡಿಲ್ಲ.

ಗೆರೆಯ ಮಸುಕು ಖಿನ್ನತೆಗೆ ಕಾರಣವೋ, ಕೇವಲ ಅದರ ಜೊತೆಗಾರನೋ ಎಂಬುದನ್ನು ನೋಡುವುದರಿಂದ ಮಾತ್ರವೇ ನಿರ್ಧರಿಸಲಾಗುವುದಿಲ್ಲ. ಮಿದುಳಿನ ಒಂದು ಕೇಂದ್ರವನ್ನು ತುಸು ಮುಟ್ಟಿ, ಮನಃಸ್ಥಿತಿಯು ಬದಲಾಗುವುದೇ ಎಂದು ಪರೀಕ್ಷಿಸಬೇಕು. ಮುಟ್ಟುವ ಸಾಮರ್ಥ್ಯವೂ ಧ್ವನಿಗುಂಟು. ತಲೆಯ ಸುತ್ತ ಇಟ್ಟ ಶಿರಸ್ತ್ರಾಣದಂಥ ಉಪಕರಣದ 1024 ಮೂಲಗಳಿಂದ ಹೊರಟ ಧ್ವನಿಯನ್ನು ಮಿದುಳಿನ ಆಳದಲ್ಲಿರುವ ಥಲಾಮಸ್ ಎಂಬ ಭಾಗದ ಒಂದು ಬಿಂದುವಿನಲ್ಲಿ ಕೂಡಿಸಿ ಅಲ್ಲಿನ ಅಂಗಾಂಶವನ್ನು ಬಿಸಿಯಿಂದ ಸುಟ್ಟು, ಬುರುಡೆಯನ್ನು ಕೊರೆಯದೆಯೇ ಸಾಮಾನ್ಯ ನಡುಕವನ್ನು ತಗ್ಗಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ 2016ರಲ್ಲಿಯೇ ಅನುಮತಿ ದೊರೆತಿದೆ. ಅಲ್ಲಿಯೂ ಮೊದಲ ಕೆಲಸ ಮೂಳೆಯದೇ: ರೋಗಿಯ ಕಪಾಲವನ್ನು ಸಿ.ಟಿ.ಯಲ್ಲಿ ಪೂರ್ತಿ ಅಳೆದು, ಎಲ್ಲಿ ಎಷ್ಟು ದಪ್ಪವಿದೆಯೋ ಅದಕ್ಕೆ ತಕ್ಕಂತೆ ಒಂದೊಂದು ಮೂಲದ ಅಲೆಯನ್ನೂ ಹಿಂದುಮುಂದಾಗಿ ಹೊರಡಿಸಿ, ಮೂಳೆಯು ಮಾಡುವ ಕಲಬೆರಕೆಯನ್ನು ಮೊದಲೇ ಕಳೆದುಬಿಡುತ್ತಾರೆ. ಸುಡದಷ್ಟು ಮೃದುವಾದ ಧ್ವನಿಯಿಂದ ನರಕೋಶಗಳನ್ನು ಪ್ರಚೋದಿಸಬಹುದೆಂದು 2008ರಲ್ಲಿ ವಿಲಿಯಂ ಟೈಲರ್ ಮತ್ತು ಸಂಗಡಿಗರು ಇಲಿಯ ಮಿದುಳಿನ ತುಣುಕುಗಳಲ್ಲಿ ತೋರಿಸಿದ ಮೇಲೆ, ಮನುಷ್ಯರಲ್ಲಿಯೂ ಅದೇ ಪ್ರಯೋಗಗಳು ಮೊದಲಾದವು. ಖಿನ್ನತೆಯ ಸಂಶೋಧಕರ ದೃಷ್ಟಿಯೂ ಇಂದು ಇತ್ತ ನೆಟ್ಟಿದೆ.

ಆದರೆ 2018ರಲ್ಲಿ ಪ್ರಕಟವಾದ ಎರಡು ಲೇಖನಗಳು ಈ ಉತ್ಸಾಹವನ್ನು ಒಂದು ಗಳಿಗೆ ತಡೆದು ನಿಲ್ಲಿಸಿದವು. ಗಿನಿಯಿಲಿಗಳಲ್ಲಿಯೂ ಇಲಿಗಳಲ್ಲಿಯೂ ಬೇರೆಬೇರೆಯಾಗಿ ನಡೆದ ಪ್ರಯೋಗಗಳಲ್ಲಿ, ಧ್ವನಿಯನ್ನು ಎಲ್ಲಿಗೆ ಗುರಿಯಿಟ್ಟರೂ ಮೊದಲು ಎಚ್ಚರಗೊಳ್ಳುತ್ತಿದ್ದುದು ಶ್ರವಣದ ಮಾರ್ಗವೆಂದು ತಿಳಿದುಬಂದಿತು: ಧ್ವನಿಯ ಮಿಡಿತಗಳು ಹೊರಟು ನಿಲ್ಲುವಾಗಿನ ಕಂಪನವು ಒಳಗಿವಿಯನ್ನು ತಲಪಿ, ಪ್ರಾಣಿಗೆ ಸದ್ದು ಕೇಳಿಸುತ್ತಿತ್ತು, ಕಿವಿಯ ದಾರಿಯನ್ನು ಕಡಿದುಹಾಕಿದಾಗ ಮಿದುಳಿನ ಆ ವ್ಯಾಪಕವಾದ ಪ್ರತಿಕ್ರಿಯೆಯೂ ಅಡಗಿತು. ಮಿದುಳನ್ನು ಮುಟ್ಟಿದೆವೆಂದು ಭಾವಿಸಿದ್ದರಲ್ಲಿ ಎಷ್ಟು ಭಾಗ ಕಿವಿಗೆ ಕೇಳಿಸಿದ್ದರ ಫಲ ಎಂಬ ಪ್ರಶ್ನೆಯನ್ನು ಅಂದಿನಿಂದ ಯಾವ ಸಂಶೋಧಕನೂ ಬದಿಗಿರಿಸುವಂತಿಲ್ಲ. ಆದುದರಿಂದ ಈಗ ಎಚ್ಚರಿಕೆಯುಳ್ಳ ಪ್ರಯೋಗಶಾಲೆಗಳಲ್ಲಿ ಮಿಡಿತದ ಏರಿಳಿತವನ್ನು ಥಟ್ಟನೆ ಅಲ್ಲದೆ ಇಳಿಜಾರಾಗಿ ಮಾಡುತ್ತಾರೆ. ಪ್ರಯೋಗಕ್ಕೆ ಕುಳಿತವರ ಕಿವಿಗೆ ಹೆಡ್‌ಫೋನಿನಲ್ಲಿ ಬೇರೊಂದು ಸದ್ದನ್ನು ಕೇಳಿಸುತ್ತಾರೆ. ಧ್ವನಿಯನ್ನು ಗುರಿಯಿಂದ ಬೇಕೆಂದೇ ತಪ್ಪಿಸಿ ಬೇರೆ ಕಡೆಗೆ ಬಿಟ್ಟು, ಆಗ ಬಂದ ಉತ್ತರವನ್ನು ನಿಜವಾದ ಉತ್ತರದ ಪಕ್ಕದಲ್ಲಿಟ್ಟು ತೂಗಿನೋಡುತ್ತಾರೆ.